ಬಣ್ಣ ಬಿಟ್ಟ ಅಂಗಿ

ಒಗೆದು ತೊಡುವುದೋ, ಹಾಗೇ ತೊಡುವುದೋ? ನಾಳೆ ಹೆಣ್ಣು ನೋಡಲು ಹೋಗಬೇಕು. ಆಗಷ್ಟೇ ಕೊಂಡು ತಂದ ನೀಲಿ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ಯೋಚಿಸುತ್ತಲೇ ಇದ್ದ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನಿಗೆ ಯಾವ ಪ್ರಶ್ನೆಯೂ ಚಿಕ್ಕದಲ್ಲ. ಅಂಗಡಿಯಲ್ಲಿ ಇದನ್ನು ಎಷ್ಟು ಬೆವರಿದ ಮೈಗಳು ತೊಟ್ಟು ನೋಡಿದ್ದವೋ.

"ಮೂಲೆಗೆ ಚೂರು ಅರಿಶಿನ ಹಚ್ಚಿ ಹಾಕ್ಕೊಳೋ. ಒಗೆದ್ಮೇಲೆ ಅದು ಹೊಸದು ಹೆಂಗಾಗುತ್ತೆ?" ಎಂದಳು ಅಮ್ಮ.

ಅವನು ಒಗೆದ. ನೀಲಿಯೆಲ್ಲ ಬಕೆಟ್ಟಿನ ನೀರಿಗಿಳಿಯಿತು. ಒಣಗುವಷ್ಟರಲ್ಲಿ ಕಾಲರು ಸುರುಟಿಕೊಂಡು, ವರ್ಷಗಟ್ಟಲೆ ತೊಟ್ಟ ಅಂಗಿಯಂತೆ ಕಂಡಿತು. ಇನ್ನೊಂದು ಕೊಳ್ಳಲು ಹೊತ್ತಿರಲಿಲ್ಲ. ಈ ಸಂಬಂಧವೂ ತಪ್ಪಿತು ಎಂದುಕೊಂಡು ಅದನ್ನೇ ತೊಟ್ಟು ಹೋದ.

ಹುಡುಗಿಯ ಮನೆಯಲ್ಲಿ ಮಾತಾಡಿಕೊಳ್ಳಲೆಂದು ಇಬ್ಬರನ್ನೇ ಬಿಟ್ಟರು. ಅವಳು ಅಂಗಿಯನ್ನೇ ನೋಡುತ್ತಿದ್ದಳು. ನಡೆದದ್ದನ್ನು ಹೇಳಿಬಿಡೋಣವೆಂದು ಅವನು ಬಾಯಿ ತೆರೆಯುವ ಮೊದಲೇ ಅವಳು ಮಾತಾಡಿದಳು.

"ಬಂದೋರೆಲ್ಲ ಮಡಿಕೆ ಗೆರೆ ಸಮೇತ ಹೊಸ ಅಂಗಿ ಹಾಕ್ಕೊಂಡು ಬರ್ತಿದ್ರು. ನೀವೊಬ್ರೇ ಇದ್ದ ಹಾಗೇ ಬಂದಿರೋದು. ನಂಗೆ ತೋರಿಸ್ಕೊಳೋರನ್ನ ಕಂಡ್ರೆ ಆಗಲ್ಲ. ನಂಗೆ ಒಪ್ಪಿಗೆ."

ಅವನು ಕಾಲರು ಸರಿಮಾಡಿಕೊಳ್ಳುತ್ತಿದ್ದ ಕೈಯನ್ನು ಕೆಳಗಿಳಿಸಿದ.

ಮದುವೆಯಾಯಿತು. ಪ್ರತಿ ದೀಪಾವಳಿಗೂ ಅವಳು ಮನೆಮಂದಿಗೆಲ್ಲ ಹೊಸ ಬಟ್ಟೆ ತರುತ್ತಾಳೆ. "ನಮ್ಮನೆಯವ್ರಿಗೆ ಹೊಸದು ಅಂದ್ರೆ ಆಗಲ್ಲ ಕಣ್ರೀ" ಎಂದು ನೆಂಟರಿಗೆ ಹೆಮ್ಮೆಯಿಂದ ಹೇಳುತ್ತ, ಅವನಿಗೆ ಆ ನೀಲಿ ಅಂಗಿಯನ್ನೇ ಇಸ್ತ್ರಿ ಮಾಡಿ ಕೊಡುತ್ತಾಳೆ.

ಅಂದು ಅದು ಹೊಚ್ಚಹೊಸ ಅಂಗಿಯಾಗಿತ್ತೆಂದು ಅವನು ಎಂದೂ ಹೇಳಲಿಲ್ಲ.