ಸೂತಕದ ಮನೆಯಲ್ಲಿ ಬಾಡು

ಸೂತಕದ ಮನೆಯಿಂದ ಬಾಡಿನ ವಾಸನೆ ಬರುತ್ತಿತ್ತು. ಇದು ಮೂರನೆಯ ಸಲ.

ಬೀದಿಯವರು ಮೂಗನ್ನೂ ಮುಚ್ಚಿಕೊಳ್ಳಲಿಲ್ಲ, ಬಾಯನ್ನೂ ಮುಚ್ಚಿಕೊಳ್ಳಲಿಲ್ಲ. ಮಗನ ತಿಥಿ ಇನ್ನೂ ನಾಳೆ. ಒಗ್ಗರಣೆಯ ಸದ್ದೂ ಕೇಳಬಾರದ ಮನೆಯಲ್ಲಿ ಕೆಂಪಕ್ಕ ಕುರಿಯ ತೊಡೆಮಾಂಸವನ್ನು ಕಾವಲಿಗೆ ಹಾಕಿದ್ದಳು. “ಪಾಪ, ತಲೆ ಕೆಟ್ಟೈತೆ,” ಎಂದರು ಕೆಲವರು. ಉಳಿದವರು ‘ಪಾಪ’ ಬಿಟ್ಟು ಅದನ್ನೇ ಹೇಳಿದರು.

ಸತ್ತ ಮಗ ಬಾಲರಾಜು ಹೈವೇ ಬದಿಯ ರೆಸಾರ್ಟಿನಲ್ಲಿ ಅಡಿಗೆಯವನು. ಸ್ಟೇಕ್ ಮಾಡುವುದನ್ನು ತಾಯಿಗೆ ಕಲಿಸಿದವನು ಅವನೇ. ಬೆರಳು ದಪ್ಪದ ಮಾಂಸದ ತುಂಡನ್ನು ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಬೇಕು. ಕಾವಲಿ ಹೊಗೆಯಾಡಬೇಕು. ಮಾಂಸ ತಾನಾಗಿ ತಳ ಬಿಡುವ ತನಕ ಮುಟ್ಟಕೂಡದು. ಎರಡೂ ಮಗ್ಗುಲು ಕೆಂಪಾದ ಮೇಲೆ ತೆಗೆದಿಟ್ಟು, ಕಾವಲಿಗೆ ಹತ್ತಿದ್ದನ್ನು ಬೆಣ್ಣೆ ಹಾಕಿ ಕೆರೆದು, ಮೆಣಸಿನ ಪುಡಿ ಉದುರಿಸಿ, ಉರಿ ತಗ್ಗಿಸಿ ತೆಂಗಿನ ಗಟ್ಟಿಹಾಲು ಸುರಿಯಬೇಕು. ರೆಸಾರ್ಟಿನಲ್ಲಿ ಅಲ್ಲಿಗೆ ಕ್ರೀಮು ಹಾಕುತ್ತಾರೆ. ತಿಪಟೂರು ಸೀಮೆಯಲ್ಲಿ ಕ್ರೀಮು ಕೊಳ್ಳುವ ಹುಚ್ಚು ಯಾರಿಗಿದೆ? ಹಾಲು ಕುದಿದರೆ ಮಾತ್ರ ಒಡೆದುಹೋಗುತ್ತದೆ. ಕೆಂಪಕ್ಕನದು ಒಂದು ಸಲವೂ ಒಡೆದಿರಲಿಲ್ಲ. ತಲೆ ಕೆಟ್ಟವಳ ಕೈ ಅಷ್ಟು ನೆಟ್ಟಗಿತ್ತು.

“ಅತ್ತೆ, ನಾಳೆ ತಿಥಿ. ಇವತ್ತಾದ್ರೂ ಬುಡಿ,” ಅಂದಳು ಸೊಸೆ ಅನಿತಾ.

“ಅವ್ನಿಗೆ ಹಸಿವು ಕಣವ್ವ.”

“ಮಾಡಿದ್ದಕ್ಕೆ ನೀವಾದ್ರೂ ಒಂದ್ ತುತ್ತು ತಿನ್ನಿ.”

“ನಂಗೆ ಗಂಟ್ಲಲ್ಲಿ ಇಳಿಯಲ್ಲ.”

ಚಿಕ್ಕಂದಿನಲ್ಲಿ ಬಾಲರಾಜು ಅಟ್ಟದ ಮೇಲೆ ಕಾಯಿ ರಾಶಿಗೆ ಒರಗಿಕೊಂಡು ಉಣ್ಣುತ್ತಿದ್ದನಂತೆ. ಅದಕ್ಕೇ ಈಗಲೂ ತಟ್ಟೆ ಅಲ್ಲಿಗೇ ಹೋಗುತ್ತಿತ್ತು, ಖಾಲಿಯಾಗಿ ಇಳಿಯುತ್ತಿತ್ತು. ಸತ್ತವನ ಹೆಸರಲ್ಲಿ ಇಲಿಗಳ ಹೊಟ್ಟೆ ತುಂಬಿತು ಎಂದುಕೊಂಡಿದ್ದಳು ಅನಿತಾ.

ಹೆಣ ಸಿಕ್ಕಿದ್ದು ಚಿಕ್ಕನಾಯಕನಹಳ್ಳಿ ಕಡೆಯ ಹಳೆಯ ಗಣಿಗುಂಡಿಯ ನೀರಿನಲ್ಲಿ. ಮುಖವನ್ನು ಮೀನು ಬಿಟ್ಟಿರಲಿಲ್ಲ. ದಡದಲ್ಲಿ ಬಾಲರಾಜುವಿನ ಬೈಕು, ಮೈಮೇಲೆ ಅವನ ಚೌಕಳಿ ಅಂಗಿ, ತಲೆಯ ಹಿಂದೆ ಕಲ್ಲಿನ ಪೆಟ್ಟು. “ಅಯ್ಯೋ ನನ್ ಕಂದಾ” ಎಂದು ಮೊದಲು ಚೀರಿದವಳು ಕೆಂಪಕ್ಕ. ನೋಡಬೇಡವೆಂದು ಸೊಸೆಯನ್ನು ತಬ್ಬಿ ಹಿಡಿದು ನಿಲ್ಲಿಸಿದವಳೂ ಅವಳೇ.

ಮಾಂಸ ಇನ್ನೂ ಕಾವಲಿಯಲ್ಲಿದ್ದಾಗ ಪೇದೆ ಬೆಟ್ಟಸ್ವಾಮಿ ಬಂದ. ಒಲೆಯ ಕಡೆ ನೋಡಿ ಹುಬ್ಬೇರಿಸಿದ. ಆಮೇಲೆ ಅನಿತಾಳ ಕಡೆ ತಿರುಗಿದ.

“ನಿನ್ ಗಂಡ ಕಾಣ್ದಂಗಾದ ದಿನದಿಂದ್ಲೇ ನಿಮ್ಮಣ್ಣನ ಫೋನೂ ಆಫ್ ಆಗೈತೆ ಕಣಮ್ಮ. ಯುಗಾದಿಲಿ ಇಬ್ರಿಗೂ ಜಗಳ ಆಗಿತ್ತಂತಲ್ಲ?”

ಆಗಿತ್ತು. ಬಾಲರಾಜು ಎಲ್ಲರೆದುರು ಅನಿತಾಳ ಕೆನ್ನೆಗೆ ಬಾರಿಸಿದ್ದ. “ಇನ್ನೊಂದ್ಸಲ ನನ್ ತಂಗಿ ಮೈ ಮುಟ್ಟಿದ್ರೆ ನಿನ್ನ ಉಳ್ಸಲ್ಲ,” ಎಂದಿದ್ದ ಅವಳ ಅಣ್ಣ ಪುನೀತ್. ಬೀದಿಗೆಲ್ಲ ಕೇಳಿಸಿತ್ತು. ಆವತ್ತೂ ಕೆಂಪಕ್ಕ ಮಗನನ್ನೇ ವಹಿಸಿಕೊಂಡಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು.

“ನಾಳೆ ತವರಿನ ಸೀರೆ ತರ್ಬೇಕಲ್ಲ. ಬತ್ತಾನಾ?”

“ಬತ್ತಾನೆ ಸಾರ್.”

“ಬಂದ್ರೆ ಮಾತಾಡ್ಸಾನ. ಬರ್ಲಿಲ್ಲ ಅಂದ್ರೆ ನೀನೇ ಅರ್ಥ ಮಾಡ್ಕೊ.” ಬೆಟ್ಟಸ್ವಾಮಿ ಹೊರಟುಹೋದ.

ಗಂಡ ಸತ್ತವಳಿಗೆ ತಿಥಿಯ ದಿನ ಅಣ್ಣನೋ ತಮ್ಮನೋ ಸೀರೆ ತಂದು ಹೊದಿಸಬೇಕು. ಅಣ್ಣ ಬಂದರೆ ಅವನು ಕೊಂದವನಲ್ಲ. ಕೊಂದ ಕೈಯಲ್ಲಿ ಸೀರೆ ಹೊದಿಸುವುದುಂಟೆ? ಬರದಿದ್ದರೆ? ಗಂಡ ಹೋದ ದುಃಖಕ್ಕಿಂತ ಈ ಭಯವೇ ಅವಳಿಗೆ ದೊಡ್ಡದಾಗಿತ್ತು. ಚಿಕ್ಕಂದಿನಿಂದ ತನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಕೊಲೆಗಾರನಾಗಬಾರದು, ಅಷ್ಟೇ. ಮತ್ತೊಮ್ಮೆ ಫೋನು ಮಾಡಿದಳು. ಸ್ವಿಚ್ ಆಫ್.

“ದಾರಿ ನೋಡ್ಬ್ಯಾಡ ಕಣವ್ವ. ಅವ್ನು ಬರಲ್ಲ,” ಅಂದಳು ಕೆಂಪಕ್ಕ. ಪೆಟ್ಟಿಗೆಯಿಂದ ಹೊಸ ಸೀರೆಯೊಂದನ್ನು ತೆಗೆದು ಸೊಸೆಯ ಮಡಿಲಿಗಿಟ್ಟಳು. “ನಾನೇ ತಂದಿವ್ನಿ. ತವರಿಂದ ಬಂತು ಅನ್ಕೊಂಡು ಉಟ್ಕೊ.”

“ನೀವೂ ನಮ್ಮಣ್ಣನ ಮೇಲೇ ಅನುಮಾನ ಪಡ್ತೀರಾ ಅತ್ತೆ?”

“ಇಲ್ಲ ಕಣವ್ವ. ನಿಮ್ಮಣ್ಣ ಒಳ್ಳೇವ್ನು.” ಮುದುಕಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಬಾಡು ತಟ್ಟೆಗೆ ಬಂತು. ಬಿಳಿಯ ಗಸಿ ಅಂಚಿನವರೆಗೆ ಹರಡಿತು. ಕೆಂಪಕ್ಕ ಏಣಿಗೆ ಕೈ ಹಾಕಿದ್ದಳು, ಅಷ್ಟರಲ್ಲಿ ಹೊರಗಿನಿಂದ ಊರ ಹಿರಿಯ ದೊಡ್ಡರಂಗಯ್ಯ ಕೂಗಿದ. “ಕೆಂಪಕ್ಕಾ, ಶಾಮಿಯಾನದೋರು ಬಂದವ್ರೆ. ಎಲ್ಲಿ ಹಾಕ್ಸಾನ, ಬಂದು ಹೇಳು.” ಅವಳು ತಟ್ಟೆಯನ್ನು ಏಣಿಯ ಬುಡದಲ್ಲಿಟ್ಟು ಹೋದಳು. ಹೊರಗೆ ಮಾತು ಬೆಳೆಯಿತು.

ತಟ್ಟೆ ಆರುತ್ತಿತ್ತು. ಹುಚ್ಚೋ ಗಿಚ್ಚೋ, ಅಕ್ಕರೆಯಿಂದ ಮಾಡಿದ್ದು ಎನಿಸಿತು ಅನಿತಾಳಿಗೆ. ಮೊಣಕಾಲು ನೋಯುವ ಮುದುಕಿಗೆ ಒಂದು ಸಲವಾದರೂ ಏಣಿ ತಪ್ಪಲಿ. ತಾನೇ ತಟ್ಟೆ ಹಿಡಿದು ಹತ್ತಿದಳು.

ಕೊಬ್ಬರಿಯಾಗಲು ಬಿಟ್ಟ ಕಾಯಿ ರಾಶಿಯ ಹಿಂದೆ, ಕಂಬಳಿಯ ಮೇಲೆ, ಬಾಲರಾಜು ಕೂತಿದ್ದ.

ಬದುಕಿದ್ದ! ಅನಿತಾಳ ಎದೆಯಲ್ಲಿ ಒಂದೇ ಮಾತು ಕುಣಿಯಿತು. ಗಂಡ ಸತ್ತೇ ಇಲ್ಲ ಅಂದಮೇಲೆ ಅಣ್ಣ ಕೊಲೆಗಾರನಲ್ಲ. ಇಷ್ಟು ದಿನ ಹೊತ್ತ ಭಾರ ಒಂದೇ ಉಸಿರಿಗೆ ಇಳಿದುಹೋಯಿತು. ಅವಳು ನಕ್ಕಳು, ಅಳುತ್ತಲೇ ನಕ್ಕಳು.

“ನಮ್ಮಣ್ಣ ಏನೂ ಮಾಡಿಲ್ಲ ಕಣ್ರೀ! ಈಗ್ಲೇ ಹೋಗಿ ಎಲ್ರಿಗೂ ಹೇಳ್ತೀನಿ. ಅವ್ನು ಏನೂ ಮಾಡಿಲ್ಲ!”

ಬಾಲರಾಜು ಅವಳ ಕೈಯಿಂದ ತಟ್ಟೆ ತೆಗೆದುಕೊಂಡ. ಮುಖ ನೋಡಲಿಲ್ಲ.

“ಮೊದ್ಲು ಕೈ ಎತ್ತಿದ್ದು ನಿಮ್ಮಣ್ಣನೇ ಕಣೇ,” ಅಂದ.