ಹಾವಿನ ಸೀನ್

ಸುಮಾಳ ಫೋನು ಸ್ವಿಚ್ ಆಫ್ ಆಗಿ ಮೂರು ದಿನ. ಹರಿಹರದ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತಿದ್ದ ನೂರೀನ್ ಟೀಚರ್‌ ಮತ್ತೆ ಮತ್ತೆ ಅದೇ ನಂಬರಿಗೆ ಫೋನ್ ಹಚ್ಚುತ್ತಿದ್ದಳು.

‘ಹುಡುಗಿ ಮನೆ ಎಲ್ಲೈತ್ರಿ?’ ಹವಾಲ್ದಾರ್ ಮೈಲಪ್ಪ ಕೇಳಿದರು.

‘ನನ್ ಪಾಠಕ್ಕೆ ಸೇರೋವಾಗ ದಾವಣಗೆರೆ ಅಂತಷ್ಟೇ ಬರ್ಸಿದಾಳ್ರಿ.’

‘ದಾವಣಗೆರೆ ಅಂದ್ರ ನಾಲ್ಕು ಮನೆ ಹಟ್ಟಿ ಏನ್ರಿ? ಸಿಮ್ಮು ಮಾಯಕೊಂಡದ ವಿಳಾಸದ್ದು. ಗಂಡ ಹೆಂಡ್ತಿ ಅಲ್ಲಿ ಮನೆ ಬಿಟ್ಟು ವರ್ಷಾತಂತೆ.’

ನೂರೀನ್ ಫೋನಿನಲ್ಲೇ ಇಂಗ್ಲಿಷ್ ಕಲಿಸುವವಳು. ಸಿನಿಮಾದ ಒಂದು ಸೀನ್ ಕಳಿಸುತ್ತಾಳೆ. ಕಲಿಯುವವರು ಅದರ ಡೈಲಾಗನ್ನು ನಟಿಸಿ, ಆಡಿಯೋ ಮಾಡಿ ವಾಪಸ್ ಕಳಿಸಬೇಕು. ಗುಡುಗಿ, ಅತ್ತು, ನಾಚಿಕೆ ಬಿಟ್ಟರೆ ಇಂಗ್ಲಿಷ್ ತಾನಾಗಿ ಬಾಯಿಗೆ ಬರುತ್ತದೆ ಎಂದು ಅವಳ ನಂಬಿಕೆ.

ಫೋನು ಆಫ್ ಆಗುವ ಮೊದಲ ಎಂಟು ದಿನ ಸುಮಾ ಒಂದೇ ಸೀನ್ ಹಿಡಿದು ಕೂತಿದ್ದಳು. ಕಾಡಿನಲ್ಲಿ ದೈತ್ಯ ಹಾವಿನ ಬಾಯಿಗೆ ಸಿಕ್ಕ ಹೆಂಗಸು ಕೂಗಿಕೊಳ್ಳುವ ಸೀನ್. ಅಬ್ಬಬ್ಬಾ, ಏನು ನಟನೆ! ಕೇಳಿದರೆ ಮೈ ಜುಮ್ಮೆನ್ನಬೇಕು. ಆದರೆ ಸೀನಿನಲ್ಲಿ ಇಲ್ಲದ ಮಾತುಗಳನ್ನೂ ಇಂಗ್ಲಿಷಿನಲ್ಲೇ ತುರುಕುತ್ತಿದ್ದಳು: ಮಹಡಿ ಕೋಣೆ, ಹೊರಗಿನ ಅಗಳಿ. ಕಾಡಿನಲ್ಲಿ ಎಲ್ಲಿಯ ಮಹಡಿ? ನೂರೀನ್ ನಕ್ಕು ಅಂಕ ಕಡಿದಿದ್ದಳು. ಅಲ್ಲಾಹ್, ಹೆಣ್ಣುಮಗಳೊಬ್ಬಳು ಬೀಗದೊಳಗೆ ಕೂತು ಗೋಗರೆಯುತ್ತಿದ್ದರೆ ಅಂಕ ಕಡಿದೆನಲ್ಲ ಎಂದು ಈಗ ಹಲುಬುತ್ತಿದ್ದಳು.

ಗಂಡ ಕೊಟ್ಟೂರೇಶ ಪಾಠದ ಹೊತ್ತಿನಲ್ಲಿ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಇಂಗ್ಲಿಷಿನ ಗಂಧಗಾಳಿ ಇಲ್ಲದ ಆಸಾಮಿ. ಸುಮಾ ಹಾವಿನ ಹೆಸರನ್ನು ಪ್ರತಿಸಲ ತಪ್ಪು ಹೇಳಿದಾಗ ಅವನೇ ನಗುತ್ತಿದ್ದ.

‘ಬೈರಿ ಮೇಡಂ, ಆಕಿ ನಾಲಿಗೆ ಹೊಳ್ಳಲ್ಲ.’

ನೂರೀನ್ ಬೈದೂ ಇದ್ದಳು. ‘ಹಂಗಲ್ಲ ಸುಮಾ. ಅನಕೊಂಡ. ಬಿಡಿಸಿ ಹೇಳು: ಅ, ನ, ಕೊಂಡ.’

‘ಇಲ್ಲ ಮೇಡಂ, ನಾ ಹೇಳೋದೇ ಸರಿ ಐತೆ,’ ಎಂದು ಸುಮಾ ಬಿಕ್ಕಿದ್ದಳು.

‘ಹಟ ಬ್ಯಾಡ. ಸರಿಯಾಗಿ ಕಳ್ಸಿದ್ರಷ್ಟೇ ಮುಂದಿನ ಪಾಠ.’

ಅಂದು ಸಂಜೆ ಬಂದದ್ದೇ ಕೊನೆಯ ಆಡಿಯೋ. ಅದೇ ತಪ್ಪು, ಆರು ಸಲ, ಒಂದರ ಹಿಂದೊಂದು. ಆಮೇಲೆ ಫಟೀರನೆ ಕೆನ್ನೆಗೆ ಬಿದ್ದ ಸದ್ದು. ಅಲ್ಲಿಗೆ ಮುಗಿದಿತ್ತು.

‘ಗಲ್ಲಿ ಹೆಸರಾದ್ರೂ ಹೇಳಿದ್ದಿದ್ರೆ ಹುಡುಕ್ಬೋದಿತ್ತು ಸರ್,’ ಎಂದು ನೂರೀನ್ ಕಣ್ಣೊರೆಸಿಕೊಂಡಳು. ‘ಒಂದು ಸಲನೂ ಹೇಳ್ಲಿಲ್ಲ.’

‘ಎಲ್ಲಿ, ಅದನ್ನ ಹಚ್ಚ್ರಿ, ಕೇಳಾನ.’

ಹಚ್ಚಿದಳು. ಮೈಲಪ್ಪ ಫೋನನ್ನು ಕಿವಿಗೆ ಒತ್ತಿಕೊಂಡು ಪೂರ್ತಿ ಕೇಳಿದರು. ಟೋಪಿ ಎಳೆದುಕೊಂಡು ದಡಕ್ಕನೆ ಎದ್ದರು.

‘ಇಂಗ್ಲಿಷ್ ನಂಗ ಒಂದಕ್ಷರ ಬರಲ್ರಿ ಮೇಡಂ. ಆದ್ರ ದಾವಣಗೆರೆ ಆನೆಕೊಂಡ ಏರಿಯಾದಾಗ ಅದೀನಿ, ಆನೆಕೊಂಡ, ಆನೆಕೊಂಡ ಅಂತ ಹುಡುಗಿ ಬಾಯಿ ಬಡ್ಕಣದು ನಿಮಗ ಕೇಳ್ಲಿಲ್ಲೇನ್ರಿ?’