ಹನ್ನೊಂದನೆಯ ಸ್ಥಾನ

“ಹನ್ನೊಂದನ್ನ ಹತ್ತು ಮಾಡೋಕೆ ಎಷ್ಟು ಹೊತ್ತು ಬೇಕಯ್ಯಾ?” ಎಂದು ಯಜಮಾನರು ಸಂಪಾದಕನ ಮೇಜಿನ ಮೇಲಿದ್ದ ಕರಡು ಪುಟವನ್ನು ಬೆರಳಿನಿಂದ ಕುಟ್ಟಿದರು.

ಕುಟ್ಟಿದ ಜಾಗದಲ್ಲಿ ಬಾಕ್ಸರ್‌ಗಳ ಮಾಸಿಕ ಶ್ರೇಯಾಂಕ ಪಟ್ಟಿಯಿತ್ತು. ಹನ್ನೊಂದನೆಯವನು ಎಡಚ. ಬಾಕ್ಸಿಂಗ್ ಮಂಡಳಿಯ ನಿಯಮ ಸರಳವಾಗಿತ್ತು. ಈ ಪತ್ರಿಕೆಯ ಪಟ್ಟಿಯಲ್ಲಿ ಮೊದಲ ಹತ್ತರೊಳಗಿರುವವನು ಮಾತ್ರ ಚಾಂಪಿಯನ್‌ಗೆ ಸವಾಲು ಹಾಕಬಹುದು. ಎಡಚನ ಪಂದ್ಯಗಳನ್ನು ಏರ್ಪಡಿಸುವವರು ಯಜಮಾನರು. ಕಳೆದ ವರ್ಷ ಪತ್ರಿಕೆಯನ್ನು ಕೊಂಡವರೂ ಅವರೇ.

“ಸುಳ್ಳು ಬರಿ ಅಂತಿಲ್ಲ. ನಿಜ ಬರಿ ಅಂತಿದೀನಿ. ಹದಿಮೂರು ಪಂದ್ಯ, ಹದಿಮೂರು ಗೆಲುವು. ನಾಳೆ ಭಾನುವಾರದ್ದನ್ನೂ ಗೆಲ್ತಾನೆ. ಸೋಮವಾರ ಅಚ್ಚಾಗೋ ಪಟ್ಟಿಯಲ್ಲಿ ಅವನು ಹತ್ತಾಗಿರಬೇಕು.”

“ಪಟ್ಟಿ ನನ್ನ ಕೈಲಿಲ್ಲ ಸಾರ್.”

ಪಟ್ಟಿ ಇದ್ದದ್ದು ಮೇಡಂ ಕೈಯಲ್ಲಿ. ಹನ್ನೊಂದು ವರ್ಷಗಳಿಂದ ಮೂಲೆಯ ಮೇಜಿನಲ್ಲಿ ಕೂತು ಅರವತ್ತು ಬಾಕ್ಸರ್‌ಗಳ ಲೆಕ್ಕ ಇಟ್ಟವರು. ಅಂಕದ ನಿಯಮಗಳೂ ಅವರೇ ಮಾಡಿದವು. ಒಂದು ಪಂದ್ಯಕ್ಕೂ ಹೋದವರಲ್ಲ. ಕರೆದರೆ, “ನೋಡಿದರೆ ಲೆಕ್ಕ ಕೆಡುತ್ತೆ” ಎನ್ನುತ್ತಿದ್ದರು. ಈಗ ಕರೆಸಿದಾಗ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡೇ ಬಂದರು.

“ಏನಮ್ಮಾ, ನಮ್ಮ ಹುಡುಗನ ಮೇಲೆ ನಿಮಗೇನು ಕೋಪ?”

“ಕೋಪ ಇಲ್ಲ ಸಾರ್. ನಿಯಮ ಇದೆ. ಸೋತವನು ಮತ್ತೆ ರಿಂಗಿಗೆ ಇಳಿಯೋ ತನಕ ಗೆದ್ದವನಿಗೆ ಅರ್ಧ ಅಂಕ ಮಾತ್ರ. ಸೋತವನು ಎಂಥವನು ಅಂತ ಆಮೇಲೇ ಗೊತ್ತಾಗೋದು.”

“ಇವನ ಕೈಲಿ ಪೆಟ್ಟು ತಿಂದವರು ಅಷ್ಟು ಬೇಗ ಏಳಲ್ಲಮ್ಮಾ! ಅದು ಇವನ ತಪ್ಪಾ?”

“ಏಳಲಿ. ಕಾಯೋಣ.”

“ಎಷ್ಟು ದಿನ? ಮೂವತ್ತು ತುಂಬಿದವನನ್ನ ಮಂಡಳಿ ಸವಾಲಿಗೆ ಬಿಡಲ್ಲ. ಇವನಿಗಿರೋದು ಇನ್ನು ಹತ್ತೇ ತಿಂಗಳು.”

“ಒಂಬತ್ತೂವರೆ” ಎಂದು ಮೇಡಂ ತಿದ್ದಿದರು.

ಸಂಪಾದಕ ನಗು ತಡೆದುಕೊಂಡ. ಯಜಮಾನರಿಗೆ ನಗು ಬರಲಿಲ್ಲ.

“ಹತ್ತರೊಳಗೆ ಬಂದವನು ಚಾಂಪಿಯನ್ ಎದುರು ನಿಲ್ಲಬೇಕು ಸಾರ್,” ಎಂದರು ಮೇಡಂ. “ಕಳೆದ ಸಲ ನಿಂತವನಿಗೆ ಇವತ್ತಿಗೂ ಹೆಂಡತಿ ಹೆಸರು ನೆನಪಾಗಲ್ಲ. ಅದರ ಹಿಂದಿನವನಿಗೆ ಒಂದು ಕಣ್ಣಿಲ್ಲ. ಎರಡೂ ನನ್ನ ದಾಖಲೆಯಲ್ಲಿದೆ. ಆ ಪಾಪ ನನ್ನ ಪಟ್ಟಿಗೆ ಅಂಟೋದು ಬೇಡ.”

ಇಪ್ಪತ್ತು ವರ್ಷಗಳಲ್ಲಿ ಆ ಕಚೇರಿಯಲ್ಲಿ ಯಾರೂ ಹಾಗೆ ಮಾತಾಡಿದ್ದನ್ನು ಸಂಪಾದಕ ಕೇಳಿರಲಿಲ್ಲ. ತಾನಂತೂ ಆಡಿರಲಿಲ್ಲ. ಪತ್ರಿಕೆ ಕೈ ಬದಲಾದಂದಿನಿಂದ ಓದುಗರು ಅದನ್ನು ‘ಯಜಮಾನರ ಕರಪತ್ರ’ ಎಂದು ಹಂಗಿಸಿ ಪತ್ರ ಬರೆಯುತ್ತಿದ್ದರು. ಅವನು ಆ ಪತ್ರಗಳನ್ನು ಓದಿ ಡ್ರಾಯರ್‌ಗೆ ಹಾಕುತ್ತಿದ್ದ.

ಭಾನುವಾರ ಬೆಳಿಗ್ಗೆ ಅವನು ಆ ನಿಯಮವನ್ನು ಪರೀಕ್ಷಿಸಿದ. ಕಾಲೇಜಿನಲ್ಲಿ ಭೌತವಿಜ್ಞಾನ ಓದಿದವನು. ಪರೀಕ್ಷಿಸದೆ ನಂಬುವ ಅಭ್ಯಾಸವಿರಲಿಲ್ಲ. ನಿಯಮವಿಟ್ಟು ಒಮ್ಮೆ, ತೆಗೆದು ಒಮ್ಮೆ, ಅರವತ್ತು ಜನರ ಅಂಕವನ್ನೂ ಕೂಡಿದ. ಕೆಳಗೆ ಜಾರಿದವನು ಒಬ್ಬನೇ, ಎಡಚ. ನಿಯಮ ಯಜಮಾನರ ಹುಡುಗನನ್ನೇ ಹಿಡಿದಿದೆ ಎಂದಮೇಲೆ ಅದು ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದು ತೀರ್ಮಾನಿಸಿ, ಪೆನ್ನಿನ ಮುಚ್ಚಳ ಹಾಕಿದ.

ಅಂದು ಮಧ್ಯಾಹ್ನ ಎಡಚ ನಾಲ್ಕನೇ ಸುತ್ತಿನಲ್ಲಿ ಗೆದ್ದ. ಅವನ ಹುಬ್ಬು ಸೀಳಿತ್ತು. ಸೋತವನನ್ನು ಸ್ಟ್ರೆಚರ್ ಮೇಲೆ ಒಯ್ದರು. ಅರ್ಧ ಅಂಕ.

ಸೋಮವಾರ ಮೇಡಂ ಬರಲಿಲ್ಲ. ಮನೆಯಲ್ಲಿ ಹುಷಾರಿಲ್ಲವೆಂದು ಫೋನು ಮಾಡಿದ್ದರು. ವರ್ಷಕ್ಕೆ ನಾಲ್ಕೈದು ಸೋಮವಾರ ಹಾಗಾಗುತ್ತಿತ್ತು. ಮನೆಯೆಂದಮೇಲೆ ಕಾಯಿಲೆ ಕಸಾಲೆ ಇದ್ದದ್ದೇ ಎಂದು ಯಾರೂ ಕೇಳುತ್ತಿರಲಿಲ್ಲ. ಫೋನಿನಲ್ಲೇ ಅಂಕಗಳನ್ನು ಹೇಳಿ ಬರೆಸಿದ್ದರು. ಎಡಚ ಹನ್ನೊಂದು.

ಹಿಂದೆಯೇ ಯಜಮಾನರ ಫೋನು ಬಂತು. “ಹನ್ನೊಂದು ಅಂತ ಅಚ್ಚಾದ್ರೆ, ಸಂಪಾದಕ ಅಂತ ನಿನ್ನ ಹೆಸರು ಅಚ್ಚಾಗೋದೂ ಇದೇ ಕಡೇ ಸಲ.”

ಅವನು ಹೆಂಡತಿಗೆ ಫೋನು ಮಾಡಿ ವಿಷಯ ಹೇಳಿದ.

“ಇಪ್ಪತ್ತು ವರ್ಷಕ್ಕೆ ಒಂದು ಸಲ ಬೆನ್ನು ನೆಟ್ಟಗೆ ಮಾಡ್ತಿದೀರಿ,” ಎಂದಳು ಅವಳು. “ಮಾಡಿ. ಉಳುಕಿದ್ರೆ ಎಣ್ಣೆ ಹಚ್ತೀನಿ.”

ಅವನು ಪಟ್ಟಿಯನ್ನು ಹಾಗೆಯೇ ಅಚ್ಚಿಗೆ ಕಳಿಸಿದ. ಮುಖಪುಟಕ್ಕೆ ತನ್ನ ಹೆಸರಿನಲ್ಲಿ ನಾಲ್ಕು ಸಾಲು ಬರೆದ: ‘ಬೇಲಿಯೇ ಎದ್ದು ಹೊಲ ಮೇಯುವ ಕಾಲವಿದು. ನಮ್ಮ ಪಟ್ಟಿಯನ್ನು ಮಾತ್ರ ಯಾರೂ ಮೇಯಲಾಗಿಲ್ಲ. ಅದನ್ನು ಕಾಯುತ್ತಿರುವ ಹೆಣ್ಣುಮಗಳಿಗೆ ಯಾವ ಬಾಕ್ಸರ್‌ನ ಮೇಲೂ ದ್ವೇಷವಿಲ್ಲ, ಮಮತೆಯೂ ಇಲ್ಲ.’

ಮೂರು ಗಂಟೆಗೆ ಕಟ್ಟುಗಳು ವ್ಯಾನ್ ಹತ್ತಿದವು. ನಾಲ್ಕಕ್ಕೆ ಅವನ ಕೋಣೆಯ ಬೀಗದ ಕೈ ವಾಪಸ್ ಕೇಳಿದರು. ಕೊಟ್ಟ. ಎದೆ ವಿಚಿತ್ರವಾಗಿ ಹಗುರಾಗಿತ್ತು.

ಮೊದಲ ಪ್ರತಿಯನ್ನು ಮೇಡಂಗೆ ತಾನೇ ಕೊಡಬೇಕೆನ್ನಿಸಿತು. ಕಚೇರಿಯವರು ಯಾರೂ ಅವರ ಮನೆ ನೋಡಿರಲಿಲ್ಲ. ಸಿಬ್ಬಂದಿಯ ಪುಸ್ತಕದಲ್ಲಿ ವಿಳಾಸ ಹುಡುಕಿ ಹೊರಟ. ಎರಡನೇ ಮಹಡಿ, ಕಿರಿದಾದ ಮೆಟ್ಟಿಲು. ಏರುತ್ತಾ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ. ಗಂಟೆ ಒತ್ತಿದ.

ಬಾಗಿಲು ತೆರೆದವನ ಹುಬ್ಬಿನ ಮೇಲೆ ಹೊಸ ಹೊಲಿಗೆಗಳಿದ್ದವು.

“ಅಯ್ಯೋ, ಬನ್ನಿ ಸಾರ್, ಬನ್ನಿ! ಅಕ್ಕ ನನ್ನ ಔಷಧಿ ತರೋಕೆ ಹೋಗಿದಾಳೆ, ಈಗ ಬಂದ್ಬಿಡ್ತಾಳೆ,” ಎಂದ ಎಡಚ, ಪತ್ರಿಕೆಗೆ ಕೈ ಚಾಚುತ್ತ. “ಈ ಸಲಾನಾದ್ರೂ ಹತ್ತು ಬಂತಾ? ಪಾಪ, ನನಗೋಸ್ಕರ ಆಫೀಸಲ್ಲಿ ಅವಳೊಬ್ಬಳೇ ಎಷ್ಟು ಹೊಡೆದಾಡ್ತಿದಾಳೆ ಅಂತ ನಿಮಗೇ ಗೊತ್ತಲ್ಲ ಸಾರ್.”